ಎಲ್ಲರೂ ಒಪ್ಪಿದ ನಾಟಕ

ಮನುಕುಲದ ಮಹತ್ಸಾಧನೆಗಳೆಲ್ಲ ಸಹಕಾರದಿಂದಲೇ ಆದವು. ಸಹಕರಿಸಿದವರು ಕನ್ನಡ ಸಂಘದವರಾಗಿರಲಿಲ್ಲ, ಅಷ್ಟೆ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ನಮ್ಮ ಪುಟ್ಟ ಸಂಘದ ರಾಜ್ಯೋತ್ಸವಕ್ಕೆ ಅರ್ಧ ಗಂಟೆಯ ನಾಟಕ ಬರೆಯುವವನು ಇಮ್ತಿಯಾಜ್, ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿನಲ್ಲಿ ನನ್ನ ಸಹೋದ್ಯೋಗಿ. ಈ ಸಲದ್ದು ರಾಜದರ್ಬಾರಿನ ಕಥೆ. ವರ್ಷಾನುಗಟ್ಟಲೆ ಸಂಘಕ್ಕೆ ಬಿಸಿಬೇಳೆ ಬಾತ್ ಬೇಯಿಸಿದ ನನ್ನ ಹೆಂಡತಿ ಸುಧಾಗೆ ಕೊನೆಗೂ ರಾಣಿಯ ಪಾತ್ರ ಸಿಕ್ಕಿತ್ತು. ಊರಿಂದ ಡಾಬು, ವಂಕಿ ತರಿಸಿದಳು. ತನ್ನ ಮಾತುಗಳನ್ನು ಟ್ರಾಮಿನಲ್ಲೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ನಮ್ಮ ಪಕ್ಕದ ಸೀಟು ಸದಾ ಖಾಲಿ! ನಾನು ಸೇವಕ. ನನ್ನ ಮಾತು ಒಂದೇ: "ಅಪ್ಪಣೆ, ಮಹಾಪ್ರಭು."

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಇಮ್ತಿಯಾಜ್ ಪ್ರತಿ ತಿದ್ದುಪಡಿಗೂ ಹೊಸ ಫೈಲ್ ಮೇಲ್ ಮಾಡುತ್ತಿದ್ದ: "ಫೈನಲ್", "ಫೈನಲ್ ಫೈನಲ್", "ಇದೇ ಫೈನಲ್". ಎಲ್ಲರೂ ಒಂದೇ ಫೈಲಿನಲ್ಲಿ ಕೂಡಿ ಬರೆಯುವಂಥ ಸಾಫ್ಟ್‌ವೇರ್ ಆರಿಸುವ ಹೊಣೆಯನ್ನು ನಾನು ಲೋಕಕಲ್ಯಾಣಾರ್ಥವಾಗಿ ಹೊತ್ತುಕೊಂಡೆ.

ಸ್ವೀಡನ್ನಿನ ಪದ್ಧತಿಯಂತೆ ಸಂಘದವರ ಫಿಕಾ ಸಭೆಗಳಾದವು. ಕಾಫಿ, ದಾಲ್ಚಿನ್ನಿ ಬನ್ನು, ಚರ್ಚೆ. ಇಲ್ಲಿ ಎಲ್ಲರೂ ಒಪ್ಪದೆ ಆಫೀಸಿನ ಕಿಟಕಿಯೂ ತೆರೆಯುವುದಿಲ್ಲ.

"ಯಾವ್ದಾದ್ರೂ ಓಕೆ ಸರ್, ನೀವ್ ಹೇಳಿದ್ದೇ" ಎಂದರು ಎಲ್ಲರೂ, ಬನ್ನು ಮುಗಿಸುತ್ತ.

ನಾನು ಅತ್ಯಂತ ಪ್ರಜಾಸತ್ತಾತ್ಮಕವಾದದ್ದನ್ನು ಆರಿಸಿದೆ. ಅದರಲ್ಲಿ ಯಾರು ಬೇಕಾದರೂ ಸಲಹೆ ಬರೆಯಬಹುದು. ಉಳಿದವರು ಒಪ್ಪಿಗೆಯನ್ನೋ ತಿರಸ್ಕಾರವನ್ನೋ ಒತ್ತಬೇಕು.

"ನಮ್ಮೋರು ರಿಜೆಕ್ಟ್ ಒತ್ತಲ್ಲ ಗುರು" ಎಂದ ಇಮ್ತಿಯಾಜ್. "ಆಮೇಲೆ ಎದುರಿಗೆ ಸಿಕ್ದಾಗ ಮುಖ ಹೇಗ್ ತೋರಿಸ್ತಾರೆ?"

"ಇದು ಸ್ವೀಡನ್, ಇಮ್ತಿಯಾಜ್!"

ಒತ್ತಲಿಲ್ಲ. ಒಬ್ಬನೂ! ಇನ್ನೊಬ್ಬರ ವಾಕ್ಯ ಅಳಿಸುವುದು ಅವರ ಎಲೆಯಿಂದ ಹಪ್ಪಳ ಎತ್ತಿಕೊಂಡಂತೆ ಎಂಬ ದಾಕ್ಷಿಣ್ಯ. ಕೈಮುಗಿದ ಚಿತ್ರ ಹಾಕಿ, ಕೆಳಗೆ ತಮ್ಮದೊಂದು ವಾಕ್ಯ ಸೇರಿಸಿ ಹೋದರು. ರಾಜ "ಯಾರಲ್ಲಿ?" ಎಂದರೆ ಸೇವಕನ ಉತ್ತರಗಳಿಂದ ಪುಟ ತುಂಬಿತು: "ಅಪ್ಪಣೆ, ಮಹಾಪ್ರಭು", "ಬಂದೆ ಬುದ್ಧಿ", "ನಾನೇ ಸ್ವಾಮಿ, ಇನ್ಯಾರು"...

"ರೀ, ನನ್ನ ಡೈಲಾಗ್ ಎಲ್ಲಿ?" ಎಂದಳು ಸುಧಾ.

"ಇದೆ, ಕೆಳಗೆ ಸ್ಕ್ರೋಲ್ ಮಾಡು."

"ಮಾಡ್ತಾನೇ ಇದೀನಿ!"

ಪ್ರದರ್ಶನ ಹತ್ತಿರ ಬಂತು. ಯಾರ ವಾಕ್ಯ ತೆಗೆಯಲೂ ನನಗೆ ಧೈರ್ಯ ಬರಲಿಲ್ಲ. "ಎಲ್ಲವನ್ನೂ ಒಪ್ಪಿಕೊ" ಎಂಬ ಗುಂಡಿಯಿತ್ತು. ಒತ್ತಿದೆ. ಎಷ್ಟು ಸುಲಭ!

ರಾಜ್ಯೋತ್ಸವದ ದಿನ ಸಿಂಹಾಸನದ ಮೇಲೆ ಇಮ್ತಿಯಾಜ್. ಮುಂದಿನ ಸಾಲಿನಲ್ಲಿ ಸಕಲ ಲೇಖಕವೃಂದ, ತಂತಮ್ಮ ವಾಕ್ಯಕ್ಕಾಗಿ ಮೊಬೈಲ್ ಎತ್ತಿ ಹಿಡಿದು ಕೂತಿತ್ತು. ಯಾರದ್ದನ್ನು ಬಿಡಲಿ?

"ಯಾರಲ್ಲಿ?" ಎಂದ ರಾಜ.

ನಾನು ಎಲ್ಲ ಉತ್ತರಗಳನ್ನೂ ಹೇಳಿದೆ. ಒಂದೊಂದಕ್ಕೂ ಚಪ್ಪಾಳೆ!

"ಸಾಕು ಮಾರಾಯ, ರಾಣಿ ಕಾಯ್ತಿದಾಳೆ" ಎಂದು ರಾಜ ಪಿಸುಗುಟ್ಟಿದ. ಆದರೆ ಮಂತ್ರಿಯ ಉತ್ತರಗಳು ಇನ್ನೂ ಬಾಕಿಯಿದ್ದವು.

ಕೊನೆಗೆ ಪರದೆಯ ಸಂದಿಯಲ್ಲಿ ಡಾಬು ಹೊಳೆಯಿತು. ಅಷ್ಟರಲ್ಲಿ ನಾವು ಬುಕ್ ಮಾಡಿದ್ದ ಅವಧಿ ಮುಗಿಯಿತು. ಹಾಲ್ ನೋಡಿಕೊಳ್ಳುವ ಸ್ವೀಡಿಷ್ ಮಹನೀಯರು ಸವಿನಯವಾಗಿ "ತಾಕ್" ಎಂದು ಧನ್ಯವಾದ ಹೇಳಿ ದೀಪ ಆರಿಸಿದರು.

ಸುಧಾ ವೇಷ ಕಳಚದೆಯೇ ಮನೆಗೆ ಬಂದು ಸೋಫಾದ ಮೇಲೆ ಕೂತಳು.

"ಯಾರಲ್ಲಿ?" ಎಂದಳು.

ಈ ಸಲ ಒಂದೇ ಉತ್ತರ ಹೊಳೆಯಿತು. "ಅಪ್ಪಣೆ, ಮಹಾರಾಣಿ."

ಮರುವರ್ಷದ ನಾಟಕವನ್ನು ಇಮ್ತಿಯಾಜ್ ಒಬ್ಬನೇ ಬರೆದ. ಸುಧಾ ಮೊದಲ ದೃಶ್ಯದಲ್ಲೇ ಬಂದಳು. ಬಿಸಿಬೇಳೆ ಬಾತ್ ನಾನು ಮಾಡಿದೆ.