ಖಾಲಿ ಪೆಟ್ಟಿಗೆಗೆ ನಲವತ್ತೊಂದು ಹೆಬ್ಬೆರಳು

ಗಂಗಾವತಿಯಲ್ಲಿ ಕಂಪ್ಯೂಟರ್ ಭಾಷೆಯ ವಿಷಯ ಬಂದರೆ ಕೊನೆಯ ಮಾತು ನನ್ನದೇ ಎಂದು ನಾನು ಹದಿನಾಲ್ಕು ವರ್ಷಗಳಿಂದ ನಂಬಿಕೊಂಡು ಬಂದಿದ್ದೆ. ನಂಬುವುದಕ್ಕೆ ಕಾರಣಗಳೂ ಇದ್ದವು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಊರ ಹೊರಗಿನ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ತರುವ ಲಾರಿ, ಟ್ರ್ಯಾಕ್ಟರುಗಳಿಗೆ ಸರದಿ ಚೀಟಿ ಕೊಡುವ ಪ್ರೋಗ್ರಾಂ ಬರೆದವನು ನಾನೇ. ಓಣಿಯವರೆಲ್ಲ ನನ್ನನ್ನು 'ಸರ' ಎನ್ನುತ್ತಾರೆ. ಹೆಂಡತಿ ಗಿರಿಜಾ ಒಬ್ಬಳನ್ನು ಬಿಟ್ಟು!

ಆ ಪ್ರೋಗ್ರಾಂ ಬರೆದ ಭಾಷೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಬಳಸುವವರು ಜಗತ್ತಿನಲ್ಲಿ ಕಡಿಮೆ, ಆದರೆ ಇರುವವರೆಲ್ಲ ಬಹಳ ಬೇಗ ಸಿಟ್ಟಿಗೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಅವರದೊಂದು ಚರ್ಚೆಯ ಕಟ್ಟೆ ಇದೆ. ಭಾಷೆಗೆ ಹೊಸದೇನಾದರೂ ಸೇರಿಸಬೇಕೆಂದರೆ ಯಾರಾದರೂ ಅಲ್ಲಿ ಪ್ರಸ್ತಾಪ ಇಡಬೇಕು, ಉಳಿದವರು ಕಚ್ಚಾಡಬೇಕು, ಕೊನೆಗೆ ಸಮಿತಿ ತೀರ್ಮಾನ ಹೇಳಬೇಕು. ಪ್ರಸ್ತಾಪ ಒಪ್ಪಿಗೆಯಾದರೆ ಇಟ್ಟವರ ಹೆಸರು ಆ ಭಾಷೆಯ ಕೈಪಿಡಿಯಲ್ಲಿ ಶಾಶ್ವತವಾಗಿ ಸೇರುತ್ತದೆ. ನಾನು ಇದುವರೆಗೆ ಒಂಬತ್ತು ಪ್ರಸ್ತಾಪ ಇಟ್ಟಿದ್ದೇನೆ. ಒಂಬತ್ತಕ್ಕೂ 'ಧನ್ಯವಾದ' ಎಂಬ ಒಂದೇ ಉತ್ತರ ಬಂದಿದೆ. ಆದರೂ ಆ ಕೈಪಿಡಿಯಲ್ಲಿ ಗಂಗಾವತಿಯ ಹೆಸರೊಂದು ಬರುವುದಾದರೆ ಅದು ನನ್ನದೇ ಆಗಬೇಕು ಎಂಬ ಆಸೆ ಮಾತ್ರ ಬಿಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಫೋನಿನಲ್ಲಿ ಆ ಕಟ್ಟೆಯನ್ನು ನೋಡಿದೆ. ಹೊಸ ಪ್ರಸ್ತಾಪ ಬಂದಿತ್ತು. ಇಟ್ಟವರು: ರಿಹಾನಾ, ಗಂಗಾವತಿ.

ಉಪ್ಪಿಟ್ಟಿನ ತಟ್ಟೆ ಬದಿಗೆ ಸರಿಸಿದೆ.

ರಿಹಾನಾ ಬೇರೆ ಯಾರೂ ಅಲ್ಲ, ಪಂಪ್‌ಸೆಟ್ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವ ಖಾದರಸಾಬರ ಮಗಳು. ಆರು ವರ್ಷದ ಹಿಂದೆ ನನ್ನ ಕೇಂದ್ರದಲ್ಲೇ ಮೂರು ತಿಂಗಳ ಕೋರ್ಸು ಮಾಡಿದವಳು. ಕಂಪ್ಯೂಟರಿನ ಬಟನ್ ಎಲ್ಲಿದೆ ಎಂದು ಅವಳಿಗೆ ತೋರಿಸಿಕೊಟ್ಟವನು ನಾನು! ಈಗ ಅಪ್ಪನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಎಲ್ಲಿಯದೋ ಕಂಪನಿಗೆ ಕೆಲಸ ಮಾಡುತ್ತಾಳೆ.

ಅವಳ ಪ್ರಸ್ತಾಪ ಸರಳವಾಗಿತ್ತು. ಪ್ರೋಗ್ರಾಮಿನಲ್ಲಿ ಮಾಹಿತಿ ತುಂಬುವ ಪೆಟ್ಟಿಗೆಗಳಿರುತ್ತವೆ ಎಂದುಕೊಳ್ಳಿ. ಯಾವುದೋ ಒಂದು ಪೆಟ್ಟಿಗೆ ಖಾಲಿ ಉಳಿದರೆ ನಮ್ಮ ಭಾಷೆಯ ಪ್ರೋಗ್ರಾಂ ನಡುದಾರಿಯಲ್ಲಿ ಸತ್ತು ಬೀಳುತ್ತದೆ. ಖಾಲಿ ಇರಬಹುದಾದ ಪೆಟ್ಟಿಗೆಯ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕುವಂತಾಗಲಿ, ಆಗ ಬರೆಯುವಾಗಲೇ ಭಾಷೆ ನಮಗೆ ಎಚ್ಚರಿಕೆ ಕೊಡಲಿ ಎಂದು ಅವಳು ಕೇಳಿದ್ದಳು. ಎರಡು ಸಲ ಓದಿದೆ. ಚೆನ್ನಾಗಿತ್ತು. ಅದೇ ತೊಂದರೆ!

"ಏನಾತ್ರಿ? ಮಾರಿ ಯಾಕ ಹಂಗ ಮಾಡೀರಿ?" ಎಂದಳು ಗಿರಿಜಾ.

"ಖಾದರಸಾಬನ ಮಗಳು ನಮ್ಮ ಭಾಷಾಕ್ಕ ಹೊಸಾದೊಂದು ಸೇರ್ಸಾಕ ಹೊಂಟಾಳ."

"ಅಯ್ಯ, ಛಲೋ ಆತಲ್ಲ! ನಿಮ್ಮ ಕಡೆ ಕಲ್ತಾಕಿ."

"ಭಾಷಾ ಕೆಡತೈತಿ."

"ಇಷ್ಟು ವರ್ಷ ನೀವು ಬರದ್ರೂ ಕೆಟ್ಟಿಲ್ಲ. ಈಗೇನು ಕೆಡತೈತಿ, ಬಿಡ್ರಿ."

ಸುತ್ತಿ ಬಳಸಿ ಹೇಳುವುದೇಕೆ, ನನಗಾದದ್ದು ಹೊಟ್ಟೆಕಿಚ್ಚು. ಆದರೆ ಹೊಟ್ಟೆಕಿಚ್ಚನ್ನು ಹಾಗೇ ಬರೆಯಲು ಬರುವುದಿಲ್ಲ. ಅದಕ್ಕೆ ತತ್ವದ ಅಂಗಿ ತೊಡಿಸಬೇಕಾಗುತ್ತದೆ. ಆದ್ದರಿಂದ 'ನಿಜವಾದ ಡೆವಲಪರ್ ಯಾರು?' ಎಂಬ ಶೀರ್ಷಿಕೆಯಡಿ ನಾಲ್ಕು ಪುಟ ವಿರೋಧ ಬರೆದೆ. ಯಾವ ಪೆಟ್ಟಿಗೆ ಖಾಲಿ ಇದೆ ಎಂಬುದನ್ನು ನಿಜವಾದ ಡೆವಲಪರ್ ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ, ಅವನಿಗೆ ಪ್ರಶ್ನೆ ಚಿಹ್ನೆಯ ಊರುಗೋಲು ಬೇಕಿಲ್ಲ, ಬೇಕೆನ್ನುವವನು ಡೆವಲಪರೇ ಅಲ್ಲ ಎಂದು ಸಾರಿದೆ.

ಕಟ್ಟೆಗೆ ಬೆಂಕಿ ಬಿತ್ತು. ಜಗತ್ತಿನ ನಾನಾ ಮೂಲೆಗಳಿಂದ ನನ್ನ ವಯಸ್ಸಿನ ಗಂಡಸರು ಎದ್ದು ಬಂದರು. ಪ್ರಶ್ನೆ ಚಿಹ್ನೆ ಬಂದರೆ ತಾನು ಈ ಭಾಷೆಯನ್ನೇ ಬಿಟ್ಟು ಹೋಗುವುದಾಗಿ ಒಬ್ಬ ಘೋಷಿಸಿದ. ನೀನು ಈಗಾಗಲೇ ಮೂರು ಸಲ ಬಿಟ್ಟು ಹೋಗಿದ್ದೀಯ ಎಂದು ಇನ್ನೊಬ್ಬ ನೆನಪಿಸಿದ. ಈ ಗದ್ದಲದ ನಡುವೆ ಯಾರೋ ನನ್ನನ್ನು ಕೇಳಿದರು: 'ಇಷ್ಟು ಹೇಳುತ್ತೀರಲ್ಲ, ನೀವು ಏನು ಕಟ್ಟಿದ್ದೀರಿ?'

ನಾನು ಗಂಭೀರವಾಗಿ ಉತ್ತರಿಸಿದೆ: 'ಕೃಷಿ ಉತ್ಪನ್ನ ಸಾಗಣೆಯ ಸರದಿ ನಿರ್ವಹಣಾ ವ್ಯವಸ್ಥೆ. ಇಂದಿನವರೆಗೆ ಒಂದು ಕ್ಷಣವೂ ನಿಂತಿಲ್ಲ.'

ಕಳಿಸಿ ಫೋನು ಕೆಳಗಿಡುವುದರೊಳಗೆ ಗಿರಣಿಯ ಮ್ಯಾನೇಜರರ ಕರೆ ಬಂತು.

"ಸರ, ನಿಮ್ಮ ಪ್ರೋಗ್ರಾಂ ನಿಂತೈತ್ರಿ! ಇಲ್ಲಿಂದ ಕಾಲುವಿ ತನಕ ಗಾಡಿ ನಿಂತಾವ. ಲಗೂನ ಬರ್ರಿ."

ಓಡಿದೆ. ಕಾರಣ ಇಷ್ಟೇ: ಒಬ್ಬ ರೈತ ಹೊಸ ಟ್ರ್ಯಾಕ್ಟರು ತಂದಿದ್ದ. ಅದಕ್ಕಿನ್ನೂ ನಂಬರ್ ಬಂದಿರಲಿಲ್ಲ. ಗಾಡಿ ನಂಬರಿನ ಪೆಟ್ಟಿಗೆ ಖಾಲಿ ಉಳಿಯಿತು, ನನ್ನ ವ್ಯವಸ್ಥೆ ಸತ್ತು ಬಿತ್ತು. ನಾನು ಧೈರ್ಯ ಮಾಡಿ ಆ ಪೆಟ್ಟಿಗೆಯಲ್ಲಿ 'ಹೊಸ ಗಾಡಿ' ಎಂದು ಬರೆದೆ. ಪ್ರೋಗ್ರಾಂ ಎದ್ದು ಕೂತಿತು! ಟ್ರ್ಯಾಕ್ಟರು ಒಳಗೆ ಹೋಯಿತು. ಐದು ನಿಮಿಷಕ್ಕೆ ಇನ್ನೊಂದು ಹೊಸ ಟ್ರ್ಯಾಕ್ಟರು ಬಂತು. ಅದಕ್ಕೂ 'ಹೊಸ ಗಾಡಿ' ಎಂದು ಬರೆದೆ. 'ಈ ಗಾಡಿ ಈಗಾಗಲೇ ಒಳಗಿದೆ' ಎಂದಿತು ನನ್ನ ವ್ಯವಸ್ಥೆ.

"ನಾ ಇಲ್ಲಿ ಬಿಸಲಾಗ ನಿಂತೀನಿ, ಒಳಗ ಹೋಗೀನಂತ ಹೇಳ್ತೈತಲ್ರೀ ನಿಮ್ಮ ಯಂತ್ರ! ಹಂಗಾರ ಇಲ್ಲಿ ನಿಂತಾಂವ ಯಾರು?" ಎಂದು ಆ ರೈತ ನನ್ನ ಅಂಗಿ ಹಿಡಿಯುವುದೊಂದೇ ಬಾಕಿ.

ಅಂದು ಸಂಜೆಯವರೆಗೆ ನಾನೇ ಸೀಮೆಸುಣ್ಣ ಹಿಡಿದು ಗಾಡಿಗಳ ಗಾಲಿಯ ಮೇಲೆ ಸರದಿ ನಂಬರು ಬರೆದೆ. ಹೊರಡುವಾಗ ಮ್ಯಾನೇಜರರು ಮೆಲ್ಲಗೆ ಕೇಳಿದರು:

"ಸರ, ಖಾದರಸಾಬರ ಮಗಳದು ನಂಬರ್ ಐತೇನ್ರಿ ನಿಮ್ಮ ಕಡೆ?"

ಇಲ್ಲ ಎಂದೆ. ಸುಳ್ಳು ಹೇಳಿದೆ. ಒಳಗಿನ ಉರಿ ನೆತ್ತಿಗೇರಿತು.

ಅಷ್ಟರಲ್ಲಿ ಸಮಿತಿ ಜನಾಭಿಪ್ರಾಯಕ್ಕೆಂದು ಒಂದು ವಾರ ಕೊಟ್ಟಿತು. ಪ್ರಸ್ತಾಪ ಬೇಕೆನ್ನುವವರು ಮೇಲೆ ನೋಡುವ ಹೆಬ್ಬೆರಳು ಒತ್ತಬೇಕು, ಬೇಡವೆನ್ನುವವರು ಕೆಳಗೆ ನೋಡುವ ಹೆಬ್ಬೆರಳು. ನನಗೆ ಮಿಂಚಿನಂತಹ ಉಪಾಯ ಹೊಳೆಯಿತು. ಹಿಟ್ನಾಳದಲ್ಲಿ ನನ್ನ ಮೈದುನ ಪಂಪಣ್ಣ ಇದ್ದಾನೆ, ಗಿರಿಜಾಳ ತಮ್ಮ. ಹಾಲಿನ ಸಂಘದ ಯಾವ ಚುನಾವಣೆಯಲ್ಲೂ ಅವನು ನಿಲ್ಲಿಸಿದವರು ಸೋತಿಲ್ಲ.

"ಎಷ್ಟು ಮಂದಿ ಬೇಕು ಮಾಮಾ?" ಎಂದ. ಯಾತಕ್ಕೆ ಎಂದು ಕೇಳಲಿಲ್ಲ. ಅದು ಅವನ ವೃತ್ತಿಧರ್ಮ!

ಭಾನುವಾರ ಹಿಟ್ನಾಳದಿಂದಲೂ ನವಲಿಯಿಂದಲೂ ಪಂಪಣ್ಣನೂ ಸೇರಿ ನಲವತ್ತು ಜನ ಎರಡು ಟಂಟಂ ಆಟೊಗಳಲ್ಲಿ ಬಂದು ನನ್ನ ಕೇಂದ್ರದಲ್ಲಿ ಇಳಿದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ್ದೆ. ಎಲ್ಲರ ಫೋನಿಗೂ ಕೇಂದ್ರದ ವೈಫೈ ಕೊಟ್ಟು, ಒಬ್ಬೊಬ್ಬರಿಗೂ ಕಟ್ಟೆಯ ಖಾತೆ ತೆರೆಸಿದೆ. ಮೇಲಿನ ಮಹಡಿಯ ಮನೆಯಿಂದ ಗಿರಿಜಾಳೂ ಇಳಿದು ಬಂದು ಸಹಾಯಕ್ಕೆ ನಿಂತಳು. ಆಮೇಲೆ ನಾನು ಭಾಷಣಕ್ಕೆ ನಿಂತೆ. ಭಾಷೆಯ ಶುದ್ಧಿ, ಡೆವಲಪರನ ಆತ್ಮಗೌರವ, ಖಾಲಿ ಪೆಟ್ಟಿಗೆಯ ರಹಸ್ಯ ಎಲ್ಲವನ್ನೂ ಅರ್ಧ ತಾಸು ವಿವರಿಸಿದೆ.

ನವಲಿಯ ದ್ಯಾಮವ್ವ ಎಂಬ ಹಿರಿಯಳು ಕೈ ಎತ್ತಿದಳು. "ತಮ್ಮಾ, ಇದರಾಗ ರೇಷನ್ ಕಾರ್ಡಿಂದೇನರ ಐತೇನು?"

"ಇಲ್ಲಬೇ ಯವ್ವಾ."

"ಆತು, ಮುಂದ ಹೇಳು."

ಕೆಳಗೆ ನೋಡುವ ಹೆಬ್ಬೆರಳು ಒತ್ತಿರಿ ಎಂದು ಮೂರು ಸಲ ಹೇಳಿ, ಮಿರ್ಚಿ ಸಾಲದೆಂದು ಎದುರಿನ ಹೋಟೆಲಿಗೆ ಹೋದೆ. ಎಣ್ಣೆಯಿಂದ ಎತ್ತಿದ ಬಿಸಿ ಮಿರ್ಚಿ ಹಿಡಿದು ಮರಳಿ ಬಂದಾಗ ಪಂಪಣ್ಣ ಬಾಗಿಲಲ್ಲೇ ಸಿಕ್ಕ.

"ಮಾಮಾ, ಎಲ್ಲಾರೂ ಒತ್ಯಾರ. ಒಬ್ರೂ ಉಳಿದಿಲ್ಲ."

ಸಂತೋಷ ತಡೆಯಲಾರದೆ ಎಲ್ಲರಿಗೂ ನಾನೇ ಎರಡನೇ ಸುತ್ತು ಬಡಿಸಿದೆ. ಟಂಟಂ ಹೊರಟ ಮೇಲೆ ಕೈ ಒರೆಸಿಕೊಂಡು ಪುಟ ತೆರೆದೆ. ಬೆಳಿಗ್ಗೆಗಿಂತ ನಲವತ್ತೊಂದು ಹೆಬ್ಬೆರಳು ಹೆಚ್ಚಾಗಿದ್ದವು. ನಲವತ್ತೊಂದೂ ಮೇಲೆ ನೋಡುತ್ತಿದ್ದವು! ಕೆಳಗೆ ನೋಡುವ ಹೆಬ್ಬೆರಳು ಗಂಗಾವತಿಯಿಂದ ಒಂದೇ ಒಂದು ಬಿದ್ದಿತ್ತು. ಅದು ನಾನು ಸೋಮವಾರವೇ ಒತ್ತಿದ್ದು.

ಪಂಪಣ್ಣನಿಗೆ ಫೋನು ಮಾಡಿ ಕಿರುಚಿದೆ.

"ಸಿಟ್ಟಾಗಬ್ಯಾಡ ಮಾಮಾ," ಎಂದ ಶಾಂತವಾಗಿ. "ಪುಟ ತಗದ ಕೂಡ್ಲೇ ದ್ಯಾಮವ್ವ, 'ಇದು ವೈಂಡಿಂಗ್ ಖಾದರಸಾಬನ ಮಗಳ ಫೋಟೋ ಅಲ್ಲೇನು?' ಅಂದ್ಳು. ನಾಳೆ ಮೋಟಾರ್ ಸುಟ್ರ ನಾವು ಯಾರ ಹತ್ರ ಹೋಗೂದು ಹೇಳು? ಗದ್ದಿಗೆ ನೀರು ಬರೂದು ನಿಂತ್ರ ನಿನ್ನ ಭಾಷಾ ಬರತೈತೇನು?"

ಫೋನು ಇಟ್ಟು ಲೆಕ್ಕ ಹಾಕಿದೆ. ಅವರು ನಲವತ್ತು ಜನ. ಹಾಗಾದರೆ ನಲವತ್ತೊಂದನೆಯದು ಯಾರದು? ಗಿರಿಜಾ ತಟ್ಟೆ ಜೋಡಿಸುತ್ತಿದ್ದಳು.

"ನೀನೂ?" ಎಂದೆ.

"ಹೂನ್ರಿ. ನಂದೂ ಒಂದು ಖಾತೆ ತಗದು ಎಲ್ಲಾರಕಿಂತ ಮೊದ್ಲು ನಾನ ಒತ್ತೀನಿ. ಮನಿ ಮಗಳಂಥಾ ಹುಡುಗಿಗೆ ಹೆಬ್ಬಟ್ಟು ಕೆಳಗ ಮಾಡಿ ತೋರಸೂದು ಛಂದ ಕಾಣತೈತೇನ್ರಿ?"

ಎರಡು ದಿನದ ಮೇಲೆ ಸಮಿತಿಯಿಂದ ಪತ್ರ ಬಂತು. ಒಂದೇ ಮಧ್ಯಾಹ್ನ, ಒಂದೇ ವೈಫೈನಿಂದ ಬಂದ ನಲವತ್ತೊಂದು ಮತಗಳನ್ನು ರದ್ದು ಮಾಡಲಾಗಿದೆ. ಅವು ಇಲ್ಲದೆಯೂ ಬಹುಮತವಿದ್ದುದರಿಂದ ಪ್ರಸ್ತಾಪ ಒಪ್ಪಿಗೆಯಾಗಿದೆ. ಆ ವೈಫೈ ನನ್ನದಾದ್ದರಿಂದ ನನ್ನ ಖಾತೆ ಮುಚ್ಚಲಾಗಿದೆ. ಕೊನೆಯಲ್ಲಿ ಹೀಗಿತ್ತು: 'ತಾವು ನಾಲ್ಕು ಪುಟ ವಿರೋಧಿಸಿದ ಪ್ರಸ್ತಾಪಕ್ಕೆ ತಾವೇ ನಲವತ್ತೊಂದು ಬೆಂಬಲ ಏಕೆ ತಂದಿರಿ ಎಂಬುದು ನಮಗೆ ಅರ್ಥವಾಗಲಿಲ್ಲ. ದಯವಿಟ್ಟು ವಿವರಿಸಿ.'

ಹೇಗೆ ವಿವರಿಸಲಿ? ವಿರೋಧಿಸಲು ಕರೆತಂದೆ, ನನ್ನ ಮಾತನ್ನು ನನ್ನ ಹೆಂಡತಿಯೇ ಕೇಳಲಿಲ್ಲ ಎಂದೇ? ಹಾಗೆ ಬರೆದರೆ ಮುಚ್ಚಿದ ಖಾತೆ ತೆರೆಯುವುದೂ ಇಲ್ಲ, ಮಾನವೂ ಹೋಗುತ್ತದೆ. ಬರೆಯದಿದ್ದರೆ ಹದಿನಾಲ್ಕು ವರ್ಷದ ಕಟ್ಟೆ ಹೋಗುತ್ತದೆ. ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ರಿಹಾನಾ ಬಂದಳು. ಕೈಯಲ್ಲಿ ಒಂದು ಹಾಳೆ. ಗಿರಿಜಾ ಅವಳನ್ನು ಕೂರಿಸಿ ಚಹಾ ಕೊಟ್ಟಳು.

"ಸರ, ನಿಮ್ಮ ಖಾತೆ ಬಂದ್ ಮಾಡ್ಯಾರಂತ ಗೊತ್ತಾತ್ರಿ. ಸಮಿತಿಗೆ ಒಂದು ಪತ್ರ ಬರದೀನಿ, ಕೇಳ್ರಿ." ಓದತೊಡಗಿದಳು. "ನಮ್ಮ ಕಡೆ ಗುರುಗಳು ಶಿಷ್ಯರನ್ನ ಎದುರಿಗೆ ಹೊಗಳೂದಿಲ್ಲ. ಗಟ್ಟಿ ಆಗ್ಲಿ ಅಂತ ಎದುರಿಗೆ ಬೈತಾರ, ಹಿಂದ ನಿಂತು ಮಂದಿ ಕೂಡಸ್ತಾರ. ನಮ್ಮ ಸರು ನನ್ನ ಮ್ಯಾಲಿನ ಅಭಿಮಾನಕ್ಕ ಹಂಗ ಮಾಡ್ಯಾರ. ನಿಯಮ ಗೊತ್ತಿರಲಿಲ್ಲ, ಕ್ಷಮಾ ಮಾಡ್ರಿ."

ಓದಿ ಮುಗಿಸಿ ನನ್ನ ಮುಖ ನೋಡಿದಳು.

"ಇಂಗ್ಲಿಷಿನ್ಯಾಗೂ ಬರದೀನ್ರಿ. ಬ್ಯಾರೆ ಕಾರಣ ಏನರ ಇದ್ರ ಹೇಳ್ರಿ ಸರ, ತಿದ್ದತೀನಿ."

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಬಿಸಿಯಾಯಿತು. ಈ ಹುಡುಗಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾನವನ್ನು ಹಾಳೆಯಲ್ಲಿ ಸುತ್ತಿ ನನ್ನ ಕೈಗೇ ತಂದು ಕೊಟ್ಟಿದ್ದಳು. ನನಗೆ ನಾಚಿಕೆಯಾಯಿತು. ಅದರ ಜೊತೆಗೆ, ಇಷ್ಟು ಒಳ್ಳೆಯ ಪತ್ರ ನನಗೆ ಬರೆಯಲು ಬರುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು!

"ಬ್ಯಾರೆ ಕಾರಣ ಏನೂ ಇಲ್ಲವಾ," ಎಂದು ಅವಳ ಹೆಸರಿನ ಕೆಳಗೆ ನಾನೂ ಸಹಿ ಹಾಕಿದೆ.

ಪತ್ರ ಓದಿ ಸಮಿತಿಯವರ ಮನಸ್ಸು ಕರಗಿತಂತೆ. ನನ್ನ ಖಾತೆ ಮತ್ತೆ ತೆರೆದರು. ಷರತ್ತು ಒಂದೇ: ಆರು ತಿಂಗಳು ನಾನು ಏನು ಬರೆದರೂ ಅದನ್ನು ಮೊದಲು ಒಬ್ಬ ಜವಾಬ್ದಾರಿಯುತ ಸದಸ್ಯರು ಓದಿ ಒಪ್ಪಬೇಕು. ಆ ಸದಸ್ಯರಾಗಿ ರಿಹಾನಾಳನ್ನು ನೇಮಿಸಿದ್ದಾರೆ.

ಈಗ ನಾನು ಒಂದು ಸಾಲು ಬರೆದರೂ ಅದು ಖಾದರಸಾಬರ ಅಂಗಡಿಯ ಮೇಲಿನ ಕೋಣೆಗೆ ಹೋಗಿ ಬರಬೇಕು. ಎರಡು ಬರಹಗಳನ್ನು 'ಇನ್ನಷ್ಟು ಸಣ್ಣದು ಮಾಡ್ರಿ ಸರ' ಎಂದು ತಿರುಗಿಸಿ ಕಳಿಸಿದ್ದಾಳೆ. ಮಾಡಿದ್ದೇನೆ. ಮೂರನೆಯದನ್ನು ನಿನ್ನೆ ಬೆಳಿಗ್ಗೆ ಕಳಿಸಿದೆ. ಅದನ್ನು ಅವಳಿನ್ನೂ ನೋಡಿಲ್ಲ. ಆದರೆ ಯಲಬುರ್ಗಾದ ಯಾವನೋ ಹೊಸಬ ನಿನ್ನೆ ಮಧ್ಯಾಹ್ನ ಕಟ್ಟೆಯಲ್ಲಿ ಬರೆದದ್ದಕ್ಕೆ ಅರ್ಧ ತಾಸಿನೊಳಗೆ, ಎಲ್ಲರೂ ನೋಡುವಂತೆ, 'ಭೇಷ್' ಎಂದು ಉತ್ತರ ಕೊಟ್ಟಿದ್ದಾಳೆ. ನನಗೆ ಒಮ್ಮೆಯೂ ಭೇಷ್ ಎಂದಿಲ್ಲ! ಕೂತು ಅವನದನ್ನು ನಾಲ್ಕು ಸಲ ಓದಿದೆ. ಅಂಥದ್ದೇನೂ ಇಲ್ಲ ಅದರಲ್ಲಿ. ಅವನು ನಿಜವಾದ ಡೆವಲಪರ್ ಹೌದೋ ಅಲ್ಲವೋ ಎಂಬ ಬಗ್ಗೆ ಒಂದು ಖಾರವಾದ ಆಕ್ಷೇಪ ಬರೆದು ಇಟ್ಟಿದ್ದೇನೆ.

ಅದನ್ನೂ ಮೊದಲು ರಿಹಾನಾಳೇ ಒಪ್ಪಬೇಕು.