ಔರಾದಿನಲ್ಲಿ ನಾನು ಕರಾಟೆ ಮಾಸ್ತರನಾಗಿದ್ದಾಗ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು, ನನಗೆ ಅದಿಲ್ಲ. ಆದರೆ ಬೇರೆಯವರು ನಮ್ಮ ಬಗ್ಗೆ ತಪ್ಪು ತಿಳಿದುಕೊಂಡಾಗ, ಆ ತಪ್ಪು ನಮಗೆ ಹಿತವಾಗಿಯೂ ಇದ್ದಾಗ, ತಿದ್ದದೆ ಸುಮ್ಮನಿರುವುದಕ್ಕೆ ಯಾವ ಧೈರ್ಯವೂ ಬೇಡ. ಒಂದು ಸಣ್ಣ ನಗು ಸಾಕು. ಅಂಥ ಒಂದು ನಗುವಿನ ಬಲದ ಮೇಲೆ ನಾನು ಔರಾದ ಊರಿನಲ್ಲಿ ಎರಡು ವರ್ಷ ಕರಾಟೆ ಮಾಸ್ತರನಾಗಿದ್ದೆ. ನಿಜ ಹೇಳಬೇಕೆಂದರೆ ನಾನು ಜೀವನದಲ್ಲಿ ಒದ್ದದ್ದು ಎರಡೇ ವಸ್ತುಗಳನ್ನು. ಒಂದು, ಚಾಲೂ ಆಗದ ನನ್ನ ಸ್ಕೂಟರು; ಇನ್ನೊಂದು, ಅವಸರದಲ್ಲಿ ಕಣ್ಣಿಗೆ ಬೀಳದ ಮಂಚದ ಕಾಲು. ಎರಡರಲ್ಲೂ ಪೆಟ್ಟಾದದ್ದು ನನಗೇ.

ನಮ್ಮ ಮನೆಯ ಅಸಲಿ ಮಾಸ್ತರು ನನ್ನ ಹೆಂಡತಿ ಸುನೀತಾ. ಬ್ಲ್ಯಾಕ್ ಬೆಲ್ಟ್. ನಾನು ಹೆಣ್ಣು ನೋಡಲು ಠಾಣಾ ಕುಶನೂರಿಗೆ ಹೋದಾಗ ಅವಳ ತಂದೆ, "ಹುಡುಗಿಗಿ ಅಡಗಿ ಜರಾ ಕಮ್ಮಿ ಬರ್ತದ್ರಿ, ಖರೇ ಕರಾಟೆ ಭಾಳ ಛಲೋ ಬರ್ತದ" ಎಂದು ಮೊದಲೇ ಹೇಳಿದ್ದರು. ನಾನು ತಮಾಷೆ ಅಂದುಕೊಂಡು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಒಳಗಿನಿಂದ ಚಹಾ ತಂದ ಹುಡುಗಿಯೂ ನಗಲಿಲ್ಲ.

ಈಗ ನಮ್ಮದು ಮೂರು ಊರಿನ ಕ್ಲಬ್ಬು. ಬೀದರಿನಲ್ಲಿ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ನಮ್ಮ ಮನೆಯ ಮಾಳಿಗೆಯ ಮೇಲೆ, ಭಾಲ್ಕಿಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಸಂಜೆ, ಔರಾದಿನಲ್ಲಿ ಭಾನುವಾರ ಬೆಳಿಗ್ಗೆ, ಹುಡುಗಿಯರಿಗೆ ಮಾತ್ರ. ಕಲಿಸುವುದು ಸುನೀತಾ. ಮಿಕ್ಕದ್ದೆಲ್ಲ ನಾವು. ನಾನು ಒಂದು ಸರಕಾರಿ ಕಚೇರಿಯಲ್ಲಿ ಬಂದ ಟಪಾಲಿಗೆ ನಂಬರು ಹಾಕುವ ಗುಮಾಸ್ತ. ಕಚೇರಿ ಮುಗಿದ ಮೇಲೆ ಕಾರು ಓಡಿಸುವವ, ಚಾಪೆ ಹೊರುವವ, ಹಾಜರಿ ಕರೆಯುವವ, ಅಳುವ ಮಕ್ಕಳಿಗೆ ಬಿಸ್ಕೀಟು ಕೊಡುವವ. ಮಗಳು ಪ್ರತೀಕ್ಷಾ ಏಳನೇ ತರಗತಿ, ಬ್ರೌನ್ ಬೆಲ್ಟ್. ಸಣ್ಣವರನ್ನು ಸಾಲಿನಲ್ಲಿ ನಿಲ್ಲಿಸುವುದು ಅವಳ ಕೆಲಸ. ನನ್ನ ಅವ್ವ ಬಿಳಿ ಬಟ್ಟೆಗಳಿಗೆ ನೀಲಿ ಹಾಕಿ ಒಣಗಿಸುತ್ತಾಳೆ. ಮಾಳಿಗೆಯಿಂದ ಮಕ್ಕಳ ಎಣಿಕೆ ದಿನವೂ ಕಿವಿಗೆ ಬಿದ್ದು ಬಿದ್ದು ಅವಳು ಈಗ ರೊಟ್ಟಿ ಬಡಿಯುವಾಗಲೂ "ಇಚಿ, ನಿ, ಸಾನ್" ಎಂದು ಜಪಾನೀ ಭಾಷೆಯಲ್ಲೇ ಎಣಿಸುತ್ತಾಳೆ. ಹತ್ತರ ಮುಂದೆ ಅವಳಿಗೆ ಬರುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ರೊಟ್ಟಿ ಹತ್ತೇ ಆಗುತ್ತವೆ, ಬೀಗರು ಬಂದರೂ ಅಷ್ಟೇ.

ಮನೆಯ ಅವಸ್ಥೆ ಹೇಳಬಾರದು. ಪ್ರತೀಕ್ಷಾ ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದ ಕೊಂಡಿಗೆ ಈಗ ಗುದ್ದುವ ಚೀಲ ನೇತುಬಿದ್ದಿದೆ. ಅವ್ವ ಅದನ್ನು ಹಾದುಹೋಗುವಾಗಲೆಲ್ಲ, "ಇಲ್ಲಿ ಇನ್ನೊಂದು ತೊಟ್ಟಲ ಕಟ್ತೀರಿ ಅಂತ ಕಾದೆ, ನೀವು ಗೋಣಿಚೀಲ ಕಟ್ಟಿದ್ರಿ" ಎಂದು ಅದಕ್ಕೊಂದು ತಟ್ಟು ತಟ್ಟುತ್ತಾಳೆ. ಈಚೆಗೆ ಆ ತಟ್ಟಿನಲ್ಲೂ ಒಂದು ಬಿಗಿ ಬಂದಿದೆ. ಇನ್ನು ಸುನೀತಾಳ ಸಿಟ್ಟಿನ ವಿಷಯ. ಬೇರೆ ಮನೆಗಳ ಹೆಂಗಸರು ಸಿಟ್ಟು ಬಂದರೆ ಪಾತ್ರೆ ಎತ್ತಿಹಾಕುತ್ತಾರೆ, ತವರಿನ ಹೆಸರು ಎತ್ತುತ್ತಾರೆ. ಇವಳು ಎರಡು ಕೈ ತೊಡೆಗೆ ಹಚ್ಚಿ, ಸೊಂಟದಿಂದ ಬಾಗಿ, ಎದುರಾಳಿಗೆ ಮಾಡುವ ಹಾಗೆ ಒಂದು ನಮಸ್ಕಾರ ಮಾಡುತ್ತಾಳೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ನಮಸ್ಕಾರದ ಮುಂದಿನ ಭಾಗವನ್ನು ನಾನು ನೋಡಿರಲಿಲ್ಲ. ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತಿದ್ದೆ.

ಔರಾದಿನಲ್ಲಿ ನಾನು ಮಾಸ್ತರನಾದದ್ದು ಹೀಗೆ. ಅಲ್ಲಿ ಕ್ಲಾಸು ಶುರುವಾದ ದಿನ ನಾನು ಟ್ರ್ಯಾಕ್ ಸೂಟು ಹಾಕಿದ್ದೆ. ಚಾಪೆ ಹೊರಲು ಅದೇ ಅನುಕೂಲ. ಕುತ್ತಿಗೆಯಲ್ಲಿ ಮಕ್ಕಳನ್ನು ಕೂಡಿಸುವ ಸೀಟಿ ಇತ್ತು. ಕ್ಲಾಸು ನಡೆಯುವ ಹಾಲ್‌ನ ಕೀಲಿ ತೆಗೆದವನೂ ನಾನೇ, ಹೆಸರು ಬರೆದುಕೊಂಡವನೂ ನಾನೇ. ಹುಡುಗಿಯರನ್ನು ಬಿಡಲು ಬಂದ ತಂದೆಯರು ನೇರವಾಗಿ ನನ್ನ ಹತ್ತಿರ ಬಂದು, "ನಮಸ್ಕಾರ್ರಿ ಮಾಸ್ತರ" ಅಂದರು. ಕಚೇರಿಯಲ್ಲಿ ನನಗೆ ಯಾರೂ ನಮಸ್ಕಾರ ಮಾಡುವುದಿಲ್ಲ. ಟಪಾಲು ಮೇಜಿನ ಮೇಲೆ ಬಿಸಾಡಿ ಹೋಗುತ್ತಾರೆ. ನಾನು ನಕ್ಕೆ. ಅಷ್ಟೇ ಮಾಡಿದ್ದು. ಮುಂದಿನ ವಾರ ಯಾರೋ ಒಂದು ಚೀಲ ಹಸಿ ತೊಗರಿಕಾಯಿ ತಂದುಕೊಟ್ಟರು. ಮತ್ತೊಬ್ಬರು ಮೊಣಕಾಲು ನೋವಿಗೆ ಸಲಹೆ ಕೇಳಿದರು. ಕೊಟ್ಟೆ. ಕೆಳಗೆ ಕೂರಬೇಡಿ ಅಂದೆ. ಅದಕ್ಕೆ ಬ್ಲ್ಯಾಕ್ ಬೆಲ್ಟ್ ಏನೂ ಬೇಕಿಲ್ಲವಲ್ಲ. ತಂದೆಯರು ಬಿಟ್ಟುಹೋದ ಮೇಲೆ ಬಾಗಿಲು ಹಾಕಿ ಒಳಗೆ ಸುನೀತಾ ಕಲಿಸುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ನಾನು ಗಂಭೀರವಾಗಿ ಕುಳಿತಿರುತ್ತಿದ್ದೆ.

ಹೋದ ಮಳೆಗಾಲದಲ್ಲಿ ಈ ಕಟ್ಟೆಯ ಮೇಲೆಯೇ ಸಿಕ್ಕಿಬಿದ್ದೆ. ಎಕಂಬಾದ ನಾಗನಾಥ ಕಾಕಾ, ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾದ ಇಬ್ಬರು ಹುಡುಗಿಯರ ಅಜ್ಜ, ಇನ್ನೂ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದು ನನ್ನ ಪಕ್ಕ ಕುಳಿತರು. "ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮ್ಯಾಲ ನಮಗ ಪೂರಾ ಭರೋಸ ಅದ. ಖರೇ ನೀವು ಹೊರಗ ಕುಂದರ್ತೀರಿ, ಒಳಗ ನಿಮ್ಮ ಮನಿಯ ಬಾಯಾರು ಕಸರತ್ತು ಮಾಡಸ್ತಾರ. ಅಸಲಿ ವಿದ್ಯಾ ನಿಮ್ಮ ಹಂತ್ಯಾಕ ಅದ. ಹುಡುಗ್ಯಾರು ಅರ್ಧಮರ್ಧ ಕಲಿತು ಬಸ್ಸಿನಾಗ ಯಾರಿಗರೆ ಕೈ ಎತ್ತಿ ಪೆಟ್ಟು ತಿಂದ್ರ ಏನು ಮಾಡೋದು? ಖುದ್ದು ನೀವು ಕಲಸ್ತೀರಂದ್ರ ಕಳಸ್ತೇವಿ. ಇಲ್ಲಂದ್ರ ಮುಂದಿನ ತಿಂಗಳಿಂದ ಬಂದ್ ಮಾಡ್ತೇವಿ." ಇಪ್ಪತ್ತೆರಡು ಹುಡುಗಿಯರ ಪೈಕಿ ಹದಿನೈದು ಜನ ಈ ಐವರು ಹೇಳಿದ ಹಾಗೆ ಕೇಳುವ ಮನೆಗಳವರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ನಕ್ಕೆ.

ಬೀದರಿಗೆ ವಾಪಸು ಬರುವಾಗ ಕಾರಿನಲ್ಲಿ ಹೇಳಿದೆ. "ಮತ್ತ ನೀವು ಏನಂದ್ರಿ?" ಎಂದಳು ಸುನೀತಾ. ನಕ್ಕೆ ಎಂದೆ. ಅವಳು ಕಿಟಕಿಯ ಗಾಜು ಏರಿಸಿದಳು. ಆಮೇಲೆ, "ನಾ ಠಾಣಾ ಕುಶನೂರಿಂದ ಔರಾದಕ್ಕ ದಿನಾ ಬಸ್ಸಿನಾಗ ಸಾಲಿಗಿ ಬರ್ತಿದ್ದೆ. ಹಿಂದ ನಿಂತವರು ಮೈಮ್ಯಾಲ ಬೀಳ್ತಿದ್ರು. ಬಾಯಿ ಮುಚ್ಚಿಕೊಂಡು ಅಳ್ಕೋತ ಮನಿಗಿ ಹೋಗ್ತಿದ್ದೆ. ಅದಕ್ಕೇ ಇದು ಕಲ್ತೆ. ಬೀದರದ ಕ್ಲಾಸು ಬಂದ್ ಆದ್ರ ಆಗ್ಲಿ, ಔರಾದದ್ದು ಆಗಬಾರದ್ರಿ" ಎಂದಳು. ನನಗೆ ನಾಚಿಕೆಯಾಯಿತು, ತಿಂದ ತೊಗರಿಕಾಯಿಯೆಲ್ಲ ನೆನಪಾಯಿತು.

ಬರುವ ಭಾನುವಾರ ತಂದೆ ತಾಯಿಯರನ್ನೆಲ್ಲ ಕರೆದು, ಅವರೆದುರಿಗೆ ತಾನು ಹೆಂಚು ಒಡೆದು ತೋರಿಸುವುದೆಂದು ಅವಳು ತೀರ್ಮಾನ ಮಾಡಿದಳು. ಹೆಂಚು ತರುವ ಕೆಲಸ ನನಗೆ ಬಂತು. ಪ್ರತಿ ಸಲ ಸಾಯಗಾಂವದಲ್ಲಿ ಹಳೆಯ ಮನೆ ಕೆಡವಿದವರ ಹತ್ತಿರ ಸವೆದ ಹೆಂಚು ಸಿಗುತ್ತಿದ್ದವು. ಈ ಸಲ ಸಿಗಲಿಲ್ಲ. ಶುಕ್ರವಾರ ಭಾಲ್ಕಿಯ ಒಂದು ಅಂಗಡಿಗೆ ಹೋದೆ. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ: ಗಡಿಗೆ ಇರಲಿ, ಕಲ್ಲಂಗಡಿ ಇರಲಿ, ಬಡಿದು ನೋಡದೆ ಯಾರೂ ಏನನ್ನೂ ಕೊಳ್ಳುವುದಿಲ್ಲ. ಮೊದಲ ಹೆಂಚು ಬಡಿದೆ, ಮಂಕು ಸದ್ದು. "ಇದು ಬ್ಯಾಡ್ರಿ" ಎಂದೆ. ಎರಡನೆಯದನ್ನೂ ಬೇಡ ಎಂದೆ. ಅಂಗಡಿಯವರು, "ಮನಿ ಕಟ್ಟಸ್ಲತ್ತೀರೇನ್ರಿ?" ಎಂದು ಕೇಳಿದರು. ಹಣ ಕೊಟ್ಟು ಕೊಂಡದ್ದನ್ನು ಒಡೆದುಹಾಕುತ್ತೇವೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೌದು ಎಂದೆ. ಅವರು ಒಳಗಿನಿಂದ ಎಂಟು ಹೆಂಚು ತಂದು, "ಹಂಗಾದ್ರ ಇದು ಒಯ್ರಿ. ಎತ್ತು ಏರಿ ಕುಣಿದ್ರೂ ಏನೂ ಆಗಲ್ಲ. ಗ್ಯಾರಂಟಿ ಮಾಲು" ಎಂದರು. ಬಡಿದು ನೋಡಿದೆ. ಗಂಟೆ ಬಾರಿಸಿದ ಹಾಗಿತ್ತು. ಅಷ್ಟು ಒಳ್ಳೆಯ ಸಾಮಾನು ಆರಿಸಿದ ಹೆಮ್ಮೆಯಲ್ಲಿ ಮನೆಯವರೆಗೂ ಸೀಟಿ ಹಾಕುತ್ತ ಬಂದೆ.

ಭಾನುವಾರ ಔರಾದಿನ ಹಾಲ್ ಜನರಿಂದ ತುಂಬಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಸೆರಗು ಹೊದ್ದ ತಾಯಂದಿರು, ಅಜ್ಜಿಯರು. ಹುಡುಗಿಯರು ಸಾಲಾಗಿ ನಿಂತು ತಮ್ಮ ಹೊಡೆತ, ತಡೆತಗಳನ್ನು ತೋರಿಸಿದರು. ಚಪ್ಪಾಳೆಯೂ ಬಿತ್ತು. ಆಮೇಲೆ ನಾನು ಇಟ್ಟಿಗೆಗಳ ಮೇಲೆ ನಾಲ್ಕು ಹೆಂಚು ಜೋಡಿಸಿದೆ. ಸುನೀತಾ ಬಂದು ಮೇಲಿನದನ್ನು ಬೆರಳಿನ ಗೆಣ್ಣಿನಿಂದ ಬಡಿದಳು. ಟಣ್ ಎಂದಿತು. ಅವಳು ನನ್ನ ಮುಖ ನೋಡಿದಳು.

"ಇವು ಎಲ್ಲಿಂದ ತಂದ್ರಿ?"

"ಭಾಲ್ಕಿಯಿಂದ. ಭಾಳ ಛಲೋ ಮಾಲು" ಎಂದೆ, ಮೆಲ್ಲಗೆ.

"ಒಡ್ಯೋ ಸಲುವಾಗಿ ಯಾರರೆ ಛಲೋ ಮಾಲು ತರ್ತಾರೇನ್ರಿ?"

ಅಷ್ಟರಲ್ಲಿ ನಾಗನಾಥ ಕಾಕಾ ಎದ್ದು ನಿಂತರು. "ಬಾಯಾರಿಗಿ ಯಾಕ ತ್ರಾಸು? ಮಾಸ್ತರೇ ಒಡೀಲಿ!" ಗಂಡಸರ ಕಡೆಯಿಂದ ಸೀಟಿ, ಚಪ್ಪಾಳೆ. ಎತ್ತು ಕುಣಿದರೂ ಒಡೆಯದ ನಾಲ್ಕು ಹೆಂಚುಗಳ ಮುಂದೆ ಟಪಾಲಿಗೆ ನಂಬರು ಹಾಕುವ ನನ್ನ ಬಲಗೈ ತಾನಾಗಿಯೇ ಜೇಬಿನೊಳಗೆ ಹೋಯಿತು. ಹುಡುಗಿಯರು ಉಸಿರು ಹಿಡಿದು ನಿಂತಿದ್ದರು. ಅವರಿಗೆ ಗೊತ್ತಿತ್ತು ನನಗೆ ಏನು ಬರುತ್ತದೆ ಎಂದು. ಇನ್ನು ತಡೆಯಲಾಗಲಿಲ್ಲ. ಮೈಕು ತೆಗೆದುಕೊಂಡು, "ಕಾಕಾ, ನಾ ಮಾಸ್ತರ ಅಲ್ಲರಿ. ನನಗ ಕರಾಟೆ ಬರಲ್ಲ. ಕಲಿಸೋರು ಇವರೇ. ನಾ ಚಾಪಿ ಹೊರೋನು. ಇವತ್ತು ಹಂಚು ಸುದ್ಧಾ ತಪ್ಪು ತಂದೀನಿ" ಎಂದುಬಿಟ್ಟೆ.

ಕಾಕಾ ಕಣ್ಣು ಒರೆಸಿಕೊಂಡರು. "ನೋಡ್ರಿ," ಎಂದು ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು, "ದೊಡ್ಡವರು ಅಂದ್ರ ಹಿಂಗಿರ್ತಾರ! ಇಷ್ಟು ವಿದ್ಯಾ ಇಟ್ಕೊಂಡು ಏನೂ ಬರಲ್ಲ ಅಂತಾರ!" ಮೊದಲಿಗಿಂತ ಎರಡು ಪಟ್ಟು ಚಪ್ಪಾಳೆ. ಜೀವಮಾನದಲ್ಲಿ ಒಮ್ಮೆ ಪೂರ್ತಿ ನಿಜ ಹೇಳಿದ್ದಕ್ಕೆ ನನ್ನ ಇಜ್ಜತ್ತು ಇನ್ನೂ ಏರಿತು. ನಾನು ಗಾಬರಿಯಿಂದ ಸುನೀತಾಳ ಕಡೆ ನೋಡಿದೆ. ಅವಳು ಚಾಪೆಯ ನಡುವೆ ಬಂದು ನಿಂತು, ಎರಡು ಕೈ ತೊಡೆಗೆ ಹಚ್ಚಿ, ಸೊಂಟದಿಂದ ಬಾಗಿ ನನಗೆ ನಮಸ್ಕಾರ ಮಾಡಿದಳು.

"ರೀ, ಬರ್ರಿ ಇಲ್ಲಿ. ನನ್ನ ಕೈ ಹಿಡೀರಿ."

ಪ್ರತೀಕ್ಷಾ ನನ್ನ ಹಿಂದೆ ಇನ್ನೊಂದು ಚಾಪೆ ಎಳೆದು ಹಾಸಿದಳು. "ಪಪ್ಪಾ, ಗದ್ದ ಎದಿಗಿ ಹಚ್ಚಿ ಬೀಳು" ಎಂದು ಪಿಸುಗುಟ್ಟಿದಳು. ಯಾಕೆ ಎಂದು ಕೇಳುವಷ್ಟು ಸಮಯವಿರಲಿಲ್ಲ. ಹೆಂಡತಿಯ ಮಣಿಕಟ್ಟು ಹಿಡಿದೆ. "ಗಟ್ಟಿ ಹಿಡೀರಿ" ಎಂದಳು. ಗಟ್ಟಿ ಹಿಡಿದೆ. ಮರುಕ್ಷಣ ನಾನು ಮಲಗಿಕೊಂಡು ಮಾಡಿನ ಫ್ಯಾನು ನೋಡುತ್ತಿದ್ದೆ. ಅದಕ್ಕೆ ಬಹಳ ದಿನಗಳಿಂದ ಯಾರೂ ಧೂಳು ಹೊಡೆದಿರಲಿಲ್ಲ.

"ಮಾಸ್ತರ, ಈಗ ನಿಮ್ಮ ಪಾಳಿ!" ಎಂದು ಕಾಕಾ ಕೂಗಿದರು. ಎದ್ದೆ, ಹಿಡಿದೆ, ಮತ್ತೆ ಬಿದ್ದೆ. ಮೂರನೆಯ ಸಲ ಬೇರೆ ಕೈ ಹಿಡಿದು ನೋಡಿದೆ. ಬೇರೆ ದಿಕ್ಕಿಗೆ ಬಿದ್ದೆ. ಹೆಂಗಸರ ಕಡೆಯಿಂದ ಮೊದಲು ಒಂದು ಕಿಸಕ್ಕನೆ ನಗು, ಆಮೇಲೆ ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ಮಲಗಿದಲ್ಲಿಂದಲೇ, "ನನ್ನ ಪಾಳಿ ಇಲ್ಲರಿ ಕಾಕಾ, ನನಗ ಬರೋದು ಇಷ್ಟೇ" ಎಂದೆ. ನನಗೂ ನಗು ತಡೆಯಲಾಗುತ್ತಿರಲಿಲ್ಲ. ಕಾಕಾ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಚಾಪೆಯ ಅಂಚಿಗೆ ಬಂದು, ಸುನೀತಾಳಿಗೆ ಕೈಮುಗಿದು, "ತಪ್ಪಾಯ್ತವ್ವಾ. ನಮ್ಮ ಹುಡುಗ್ಯಾರು ಬರ್ತಾವ. ನಿನ್ನ ಹಂತ್ಯಾಕೇ ಕಲೀತಾವ" ಎಂದರು. ಸುನೀತಾಳ ಕಣ್ಣು ತುಂಬಿತು. ನನ್ನ ಸೊಂಟ ಹಿಡಿದುಹೋಗಿತ್ತು. ಆದರೂ ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಇಪ್ಪತ್ತೆರಡರಲ್ಲಿ ಒಬ್ಬಳೂ ಬಿಡಲಿಲ್ಲ. ಆದರೆ ಮುಂದಿನ ಭಾನುವಾರ ಹುಡುಗಿಯರ ಹಿಂದೆ ಹನ್ನೊಂದು ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಎಲ್ಲರ ಮುಂದೆ ನಾಗನಾಥ ಕಾಕಾರ ಹೆಂಡತಿ. ಊರವರೆಲ್ಲ ಅವರನ್ನು ಆಯಿ ಎನ್ನುತ್ತಾರೆ. "ಬಾಯಾರ, ನಮಗ ಆ ಒದ್ಯೋದು, ಚೀರೋದು ಬ್ಯಾಡ್ರಿ. ಆ ಒಂದು ಕಲಸ್ರಿ, ಸಾಕು" ಎಂದರು. ಯಾವುದು ಎಂದು ಸುನೀತಾ ಕೇಳಿದಳು. ಹನ್ನೊಂದೂ ಜನ ನನ್ನ ಕಡೆ ನೋಡಿದರು. ಅಭ್ಯಾಸಕ್ಕೆ ಒಬ್ಬ ಗಂಡಸು ಬೇಕೇಬೇಕು. ಅವರವರ ಗಂಡಂದಿರನ್ನು ಕೇಳಿದರೆ ಎಲ್ಲರಿಗೂ ಅದೇ ದಿನ ಸೋಯಾಬೀನಿನ ಕಳೆ ತೆಗೆಯುವುದಿತ್ತು. ಕಾಕಾ ಅಂತೂ ಹೆಂಡತಿಯನ್ನು ಬಾಗಿಲವರೆಗೆ ಬಿಟ್ಟು, ನನ್ನ ಕಣ್ಣು ತಪ್ಪಿಸಿ, ಬಸ್ಸು ಹಿಡಿದರು.

ಅಂದಿನಿಂದ ಪ್ರತಿ ಭಾನುವಾರ ಹನ್ನೊಂದು ಸಲ ಬೀಳುತ್ತೇನೆ. ಆಯಿಯ ಸರದಿ ಕೊನೆಗೆ. ಮೊದಲ ದಿನ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ತೋಳು ಹಿಡಿದು, ಮೇಲಿಂದ ಕೆಳಗೆ ಒಮ್ಮೆ ಅಳೆದು ನೋಡಿದರು. "ಒಂದು ಮಾತು ಕೇಳ್ತೇನಿ ಮಗಾ. ನಮ್ಮ ಮನಿಯವರು ತೂಕದಾಗ ನಿನಕಿಂತ ಹೆಚ್ಚೋ, ಕಮ್ಮಿಯೋ?" ನಾನು ಮನಸ್ಸಿನಲ್ಲೇ ಅಂದಾಜು ಮಾಡಿ, ನಾಲ್ಕು ಕಿಲೋ ಕಮ್ಮಿಯೇ ಇರಬಹುದು ಎಂದೆ. ಆಯಿಯ ಮುಖ ಅರಳಿತು. ಕಾಕಾ ಇದನ್ನು ಓದಿದರೆ, ನಾನು ಆಗ ಯಾರ ಕೈಯಲ್ಲಿ ಸಿಕ್ಕಿದ್ದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.