ಗೋಡೆಯಿಂದ ಇಳಿಯಲೊಲ್ಲದ ಕಾರ್ಬನ್ ಸೈಕಲ್ ಅವರ ಸನ್ನಿಧಿಗೆ

ದೋರನಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋಗಳಿಗಿಂತ ಒಂದು ಮೊಳ ಎತ್ತರದಲ್ಲಿ ವಿರಾಜಮಾನರಾಗಿರುವ

ಮಾನ್ಯರೇ,

ತಮ್ಮ ಎರಡೂ ಚಕ್ರಗಳಿಗೆ ಪ್ರತ್ಯೇಕ ನಮಸ್ಕಾರಗಳು. ಭೌತಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗಳಾಗಿ ಬಂದವಳು ಒಂದು ಸೈಕಲ್ಲಿಗೆ ಅಹವಾಲು ಬರೆಯುವುದು ಶೋಭೆಯಲ್ಲವೆಂದು ಯಾರಾದರೂ ಅಂದಾರು. ಆದರೆ ನಮ್ಮ ಮನೆಯ ಭಾನುವಾರಗಳು ಈಗ ತಮ್ಮ ಅನುಕೂಲ ನೋಡಿಕೊಂಡೇ ನಡೆಯುತ್ತಿರುವುದರಿಂದ ಮೇಲಧಿಕಾರಿಗೆ ನೇರವಾಗಿ ಬರೆಯುವುದೇ ಕ್ರಮವೆಂದು ತಿಳಿದಿದ್ದೇನೆ.

ತಾವು ಹೈದರಾಬಾದಿನಿಂದ ಪೆಟ್ಟಿಗೆಯಲ್ಲಿ ದಯಮಾಡಿಸುವ ಮುನ್ನ, ಪ್ರತಿ ಭಾನುವಾರ ಬೆಳಿಗ್ಗೆ ನಾನೂ ನನ್ನ ಶಾಂತಪ್ಪ ಕಾಕಾನೂ ಶಹಾಪುರದವರೆಗೆ ಸೈಕಲ್ ತುಳಿಯುತ್ತಿದ್ದೆವು. ನನ್ನದು ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು; ಅವರದು ಅವರ ಮದುವೆಗಿಂತ ಹಳೆಯದು. ಹತ್ತಿ ತುಂಬಿದ ಟ್ರ್ಯಾಕ್ಟರ್ ಕಂಡರೆ ಪಂದ್ಯ ಕಟ್ಟುತ್ತಿದ್ದೆವು, ಪಂದ್ಯದ ಸುದ್ದಿ ಟ್ರ್ಯಾಕ್ಟರಿನವನಿಗೆ ತಿಳಿಯದಿದ್ದ ಕಾರಣ ಅನೇಕ ಸಲ ಗೆದ್ದೂ ಇದ್ದೇವೆ. ಬಸ್ ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು, ಬಿಸಿಲು ಏರುವುದರೊಳಗೆ ಮರಳುತ್ತಿದ್ದೆವು. ವಾರವಿಡೀ ಓದುವ ಹುಡುಗಿಗೆ ಅಷ್ಟೇ ಗಾಳಿ, ಅಷ್ಟೇ ರಸ್ತೆ.

ಈಗ ಅದೂ ಇಲ್ಲ. ಅವ್ವನ ಕಾಯಿದೆ ಸ್ಪಷ್ಟವಾಗಿದೆ: “ಹಿರ್ಯಾರು ಯಾರರ ಸಂಗಾಟ ಇದ್ರ ಹೋಗು, ಇಲ್ಲಂದ್ರ ಮನ್ಯಾಗ ಕೂಡು.” ಕಾಕಾ ಹೊರಡುವುದಿಲ್ಲ, ಏಕೆಂದರೆ ತಾವು ಹೊರಡುವುದಿಲ್ಲ. ತಾವು ಗೋಡೆಯ ಮೇಲಿರುವಾಗ ಹಳೆಯ ಸೈಕಲ್ ಹತ್ತುವುದು ತಮಗೆ ಮಾಡುವ ಅಪಮಾನವೆಂಬುದು ಅವರ ನಂಬಿಕೆ.

ತಮ್ಮ ಸುಕುಮಾರತೆಯನ್ನು ನಾನು ಮನಸಾರೆ ಕೊಂಡಾಡುತ್ತೇನೆ. ಮಳೆಯಾದರೆ ಎರೆಮಣ್ಣು ತಮ್ಮ ಪಾದಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಧೂಳು ತಮ್ಮ ಕಂಠಕ್ಕೆ ಆಗುವುದಿಲ್ಲ. ತಾವು ಊರು ಕಂಡದ್ದು ಎರಡೇ ಸಲ. ಮೊದಲ ಸಲ ತಮ್ಮ ಹಗುರತನವನ್ನು ಜಗತ್ತಿಗೆ ಸಾರಲು ಕಾಕಾ ತಮ್ಮನ್ನು ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸಿದಾಗ, ಅಡತಿ ಅಂಗಡಿಯ ಮಕ್ತುಮಸಾಬರು ಮುಳ್ಳನ್ನು ದಿಟ್ಟಿಸಿ, “ಇದೇನ್ರಿ ಶಾಂತಪ್ಪನೋರ, ಒಳಗಿನ ಸಾಮಾನು ಹಾಕೋದ ಮರ್ತು ಕಳಿಸ್ಯಾರೇನು?” ಎಂದು ಮರುಗಿದರು. ಏರು ಹತ್ತುವಾಗ ಸವಾರನ ಹೊಟ್ಟೆಯೂ ತೂಕದ ಲೆಕ್ಕಕ್ಕೆ ಬರುತ್ತದೆಂಬ ಪ್ರಾಥಮಿಕ ಸತ್ಯವನ್ನು ನಾನು ಮೊದಲ ಸ್ಥಾನದ ಅಧಿಕಾರದಿಂದ ವಿವರಿಸಿದೆನಾದರೂ ಯಾರೂ ಕಿವಿಗೊಡಲಿಲ್ಲ. ಎರಡನೆಯ ಸಲ ಊರ ಅಗಸಿ ಬಾಗಿಲು ದಾಟುವುದರೊಳಗೆ ತಮಗೆ ಜಾಲಿಮುಳ್ಳು ಚುಚ್ಚಿತು. ಪಂಕ್ಚರ್ ಅಂಗಡಿಯ ಚಾಂದಪಾಶಾ ತಮ್ಮ ಟ್ಯೂಬಿನ ಸಪೂರ ಬಾಯಿಯನ್ನು ನೋಡಿ, “ಇದಕ್ಕ ನಮ್ಮ ಪಂಪು ಹತ್ತಂಗಿಲ್ರಿ, ಹೈದ್ರಾಬಾದ್ ಗಾಳಿನ ಬೇಕು,” ಎಂದು ಕೈಮುಗಿದ. ಕಾಕಾ ತಮ್ಮನ್ನು ಈಗಷ್ಟೇ ಹುಟ್ಟಿದ ಕರುವಿನಂತೆ ಹೆಗಲ ಮೇಲೆ ಹೊತ್ತು ತಂದರು. ಅಂದಿನಿಂದ ತಾವು ಗೋಡೆಯೇರಿದಿರಿ.

ತಮ್ಮ ಜೊತೆಗೇ ಬಂದ, ಅಡಿಗೆ ಪೆಡಲಿನ ಕೊಂಡಿಯಿರುವ ಬೂಟುಗಳನ್ನು ಮಾತ್ರ ಅವರು ಬಿಟ್ಟಿಲ್ಲ. ಹೆಲ್ಮೆಟ್ ಧರಿಸಿ, ಆ ಬೂಟುಗಳಲ್ಲಿ ಪಡಸಾಲೆಯ ಉದ್ದಕ್ಕೂ ನಡೆದು, ಆಮೇಲೆ ಕುರ್ಚಿಯಲ್ಲಿ ಕುಳಿತು ಪರದೇಶದವರು ಬೆಟ್ಟ ಹತ್ತುವುದನ್ನು ಮೊಬೈಲಿನಲ್ಲಿ ನೋಡುತ್ತಾರೆ. “ಎತ್ತಿಗೆ ನಾಲ ಬಡಿಸಿದಂಗ ಸಪ್ಪಳ,” ಎನ್ನುತ್ತಾರೆ ಭೀಮಾಬಾಯಿ ಕಾಕಿ, “ಎತ್ತಾದ್ರ ಹೊಲಕ್ಕರ ಹೋಗ್ತಿತ್ತು.”

ಆದ್ದರಿಂದ ನನ್ನ ವಿನಮ್ರ ಬೇಡಿಕೆ: ತಾವು ಒಮ್ಮೆ ಕೆಳಗಿಳಿದು ಕೆಸರಿನಲ್ಲಿ ಮೈತುಂಬ ಹೊರಳಾಡಿ, ನಾಚಿಕೆ ಕಳೆದುಕೊಳ್ಳಬೇಕು. ಅಂತಸ್ತಿಗೆ ಅದು ಒಗ್ಗದಿದ್ದರೆ ಇಲ್ಲಿಂದ ಶಹಾಪುರದವರೆಗಿನ ಎರೆಭೂಮಿಯನ್ನು ಚಾಪೆಯಂತೆ ಸುತ್ತಿಡಿಸಿ ಹಾಲುಗಲ್ಲು ಹಾಸಿಸಬೇಕು, ಜಾಲಿಗಿಡಗಳಿಗೆ ಮುಳ್ಳು ಬಿಡದಂತೆ ನೋಟೀಸು ಕೊಡಿಸಬೇಕು. ಮೂರೂ ಆಗದಿದ್ದರೆ, ಹಳೆಯ ಸೈಕಲ್ ಹತ್ತಲು ಕಾಕಾನಿಗೆ ತಮ್ಮ ಅಪ್ಪಣೆಯಾಗಬೇಕು.

ಇಷ್ಟು ಬರೆದಿಟ್ಟು, ತಮ್ಮ ಉತ್ತರಕ್ಕಾಗಿ ಕಳೆದ ಶನಿವಾರದವರೆಗೆ ಕಾದೆ. ಅಂದು ಸಂಜೆ ನನ್ನ ಮುಖ ನೋಡಿದ ಕಾಕಿ ಸೀದಾ ಕೊಟ್ಟಿಗೆಗೆ ಹೋಗಿ, ಕಾಕಾನ ಹಳೆಯ ಸೈಕಲ್ಲನ್ನು ಹೊರಗೆಳೆದು ಧೂಳು ಕೊಡವಿದರು. ತವರೂರಾದ ಸುರಪುರದ ಇಳಿಜಾರಿನಲ್ಲಿ ಅಣ್ಣನ ಸೈಕಲ್ ಕದ್ದು ಕಲಿತವರು ಅವರು.

“ಹಿರ್ಯಾರು ಬೇಕಂದಿಲ್ಲೇನಕ್ಕಾ? ನಾನೂ ಹಿರ್ಯಾಕಿನ ಅದೀನಿ,” ಎಂದರು ಅವ್ವನಿಗೆ.

“ಸೀರಿ ಚೈನಿನ್ಯಾಗ ಸಿಕ್ಕರ?”

“ಸಿಕ್ಕರ ಸೀರಿ ಹರಿತೈತಿ, ನಾನೇನು ಹರಿಯಂಗಿಲ್ಲ. ನಾಳಿ ಲಗೂನ ಏಳು ಬೇ, ಭುವನಾ.”

ಅವ್ವನ ಕಾಯಿದೆಯಲ್ಲಿ ಹಿರಿಯರು ಗಂಡಸಾಗಿರಬೇಕೆಂಬ ಕಲಮು ಇರಲಿಲ್ಲ. ಮರುದಿನ ಶಹಾಪುರದಲ್ಲಿ ಕಾಕಿ ಎರಡು ಪ್ಲೇಟು ಮಿರ್ಚಿ ತಿಂದರು, ಮರಳುವಾಗ ಟ್ರ್ಯಾಕ್ಟರನ್ನು ಸೋಲಿಸಿದರು. ಈ ಸಲ ಟ್ರ್ಯಾಕ್ಟರಿನವನಿಗೆ ಸುದ್ದಿ ತಿಳಿದಿತ್ತು, ಕಾಕಿಯೇ ಕೂಗಿ ಹೇಳಿದ್ದರು. ಹೀಗಾಗಿ ಮೇಲಿನ ಬೇಡಿಕೆಗಳನ್ನೆಲ್ಲ ಹಿಂಪಡೆಯುತ್ತೇನೆ. ತಾವು ಆರಾಮವಾಗಿರಬೇಕು.

ಇಂತು, ತಮಗೆ ಗಾಳಿ ತುಂಬುವವರು ಬೇಗ ಸಿಗಲೆಂದು ಹಾರೈಸುವ
ತಮ್ಮ ವಿಶ್ವಾಸಿ,
ಭುವನೇಶ್ವರಿ, ಎಂ.ಎಸ್ಸಿ. (ಪ್ರಥಮ ಸ್ಥಾನ)

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಕಾಕಾ ಬರಿಗಾಲಲ್ಲಿ ಸದ್ದಿಲ್ಲದೆ ಬಂದು, “ಭಾನುವಾರ ಆ ಹಳೇ ಸೈಕಲ್ಲಿನ ಕ್ಯಾರಿಯರ್ ಮ್ಯಾಲ ಜಾಗ ಐತೇನ?” ಎಂದು ಕಾಕಿಯನ್ನು ವಿಚಾರಿಸಿದರು. “ಬರ್ರಿ, ಆದ್ರ ಏರು ಬಂದಾಗ ಇಳಿದು ನೂಕಬೇಕು,” ಎಂದು ಕಾಕಿ ಷರತ್ತು ವಿಧಿಸಿದ್ದಾರೆ, ಅವರು ಒಪ್ಪಿದ್ದಾರೆ. ತಾವು ಹಗುರವಿರಲೆಂದು ತಮಗೆ ಕ್ಯಾರಿಯರ್ ಕೊಡದವರ ದೂರದೃಷ್ಟಿಗೆ ನಮ್ಮ ಮನೆಯವರೆಲ್ಲ ಚಿರಋಣಿಗಳು.